ಇಳಿಸುವ ಮಾತು

ಓಣಿಯಲ್ಲಿ ಹೋಗುವವರು ಈ ಮನೆಯ ಮುಂದೆ ಬಂದ ಕೂಡಲೆ ಮಾತು ನಿಲ್ಲಿಸುತ್ತಾರೆ ಎನ್ನುವುದು ಪಂಪಣ್ಣನಿಗೆ ಇವತ್ತೇನೂ ಹೊಸದಾಗಿ ತಿಳಿದದ್ದಲ್ಲ. ಆದರೂ ಗಂಜಿ ಸೋಸುತ್ತಿದ್ದ ಅವನ ಕೈ ಪ್ರತಿ ಸಲವೂ ಒಂದು ಗಳಿಗೆ ತಡೆಯುತ್ತಿತ್ತು. ಹತ್ತಿಯ ಮಿಲ್ಲಿಗೆ ಹೊರಟ ಹೆಂಗಸರು ನಗುತ್ತ, ಒಬ್ಬರನ್ನೊಬ್ಬರು ಬೈದುಕೊಳ್ಳುತ್ತ, ಅರ್ಧ ಮಾತು ತೆಲುಗಿನಲ್ಲಿ ಅರ್ಧ ಮಾತು ಕನ್ನಡದಲ್ಲಿ ಆಡುತ್ತ ಬಂದವರು ಬೇವಿನ ಮರ ದಾಟಿದ್ದೇ ತಡ ಸುಮ್ಮನಾಗುತ್ತಿದ್ದರು. ಹೆಜ್ಜೆಯ ಸಪ್ಪಳ ಮಾತ್ರ ಬಾಗಿಲ ಮುಂದೆ ಹಾದುಹೋಗುತ್ತಿತ್ತು. ಆಮೇಲೆ ಮೂಲೆಯ ಮನೆಯ ಹತ್ತಿರ ಮತ್ತೆ ನಗು. ನಡುವಿನ ಆ ಮೌನ ತಮ್ಮ ಮನೆಯ ಗೋಡೆಯಷ್ಟೇ ಉದ್ದವಿದೆ ಎಂದು ಅವನಿಗೆ ಅನ್ನಿಸಿತು. ಗಂಜಿಯಲ್ಲಿ ಒಂದು ಅಗುಳು ಉಳಿದರೂ ದೊಡ್ಡವ್ವನ ಗಂಟಲಿಗೆ ಅದು ಕಲ್ಲು. ಹಾಗಾಗಿ ಸೋಸಿದ್ದನ್ನೇ ಮತ್ತೆ ಬಟ್ಟೆಗೆ ಸುರಿದು ಹಿಂಡುತ್ತಿದ್ದ. ಬೆರಳ ಸಂದಿನಿಂದ ಇಳಿಯುವ ಬಿಳಿಯ ನೀರನ್ನು ನೋಡುತ್ತ, ಬಿ.ಎ. ಪಾಸು ಮಾಡಿ ಲಾ ಓದುತ್ತಿರುವ ತಾನು ಈ ಒಂದು ಕೆಲಸವನ್ನಾದರೂ ತಪ್ಪಿಲ್ಲದೆ ಮಾಡುತ್ತಿದ್ದೇನಲ್ಲ ಎಂದು ಒಂದು ಸಣ್ಣ ಸಮಾಧಾನ ಹುಟ್ಟಿತು. ಹುಟ್ಟಿದ ಕೂಡಲೆ ಅದರ ಬಗ್ಗೆ ನಾಚಿಕೆಯಾಯಿತು.

"ಏಮಯ್ಯಾ ಲಾಯರೂ," ಎಂದು ಎದುರು ಮನೆಯ ವೆಂಕಮ್ಮ ತನ್ನ ಹೊಸ್ತಿಲಿನಿಂದಲೇ ಕೂಗಿದಳು. "ಕರೀ ಕೋಟು ಹಾಕ್ಕೊಂಡು ಕೋರ್ಟಿನ್ಯಾಗ ನಿಂದ್ರಾವ ಗಂಜಿ ಹಿಂಡಾಕತ್ತೀ ನೋಡು! ಗಾದಿಲಿಂಗಿ ಎಲ್ಲಿಗಿ ಹೋದ್ಲು?"

"ಮಂತ್ರಾಲಯಕ್ಕ ಹೋಗ್ಯಾಳವ್ವ. ಹರಕಿ ಐತಂತ."

"ಹರಕಿ ಅಂಟೆ ಏಂ ಹರಕಿ? ಮುದುಕೀನ ಉಳಿಸು ಅಂತನೋ, ಕರಕೋ ಅಂತನೋ?"

ಪಂಪಣ್ಣ ಬಟ್ಟೆಯನ್ನು ಇನ್ನೊಮ್ಮೆ ಹಿಂಡಿದ. ಅಣ್ಣ ಸುಂಕಪ್ಪನ ಹೆಂಡತಿ ಗಾದಿಲಿಂಗಮ್ಮ ನಸುಕಿನಲ್ಲಿ ಗಾಡಿ ಹತ್ತುವಾಗ ಅವನೂ ಅದನ್ನು ಕೇಳಬೇಕೆಂದುಕೊಂಡಿದ್ದ, ಕೇಳಿರಲಿಲ್ಲ. ವೆಂಕಮ್ಮ ದನಿ ತಗ್ಗಿಸಿ, "ಒಳಗ ಬಂದು ನೋಡ್ತಿದ್ದೆನಪ್ಪಾ. ಆದ್ರ ಮನ್ಯಾಗ ಬಸುರಿ ಸೊಸಿ ಅದಾಳ ನೋಡು. ಏನೂ ಅನ್ಕೋಬ್ಯಾಡ," ಎಂದು ಬಾಗಿಲು ಮುಂದೆ ಮಾಡಿಕೊಂಡಳು. ಮೊದಲೆಲ್ಲ ದಿನ ಬೆಳಗಾದರೆ ಒಲೆಗೆ ಕೆಂಡ ಕೇಳಿಕೊಂಡು ಈ ಮನೆಗೇ ಬರುತ್ತಿದ್ದ ಹೆಂಗಸು. ಈಗ ಈ ಮನೆಯ ಕೆಂಡವೂ ಯಾರಿಗೂ ಬೇಡ. ಆದವಾನಿಯಲ್ಲಿ ಹತ್ತಿಯ ಧೂಳು ಹೋಗದ ಮನೆಗೂ ಆ ಸುದ್ದಿ ಹೋಗಿತ್ತು: ಕುರುಬರ ಉಚ್ಚಮ್ಮನನ್ನು ಸಾಯಲಿ ಎಂದು ಮಂಚದಿಂದ ನೆಲಕ್ಕೆ ಇಳಿಸಿದ್ದರು, ಲಾಯರು ಓದುವ ಅವಳ ತಂಗಿಯ ಮಗ ಅವಳನ್ನು ಮತ್ತೆ ಎತ್ತಿ ಮಂಚದ ಮೇಲೆ ಮಲಗಿಸಿದ್ದಾನೆ.

ಅವನು ಬಟ್ಟಲು ಹಿಡಿದು ಒಳಗೆ ಹೋದ. ದೊಡ್ಡವ್ವ ಗೋಡೆಯ ಕಡೆ ಮುಖ ಮಾಡಿ ಮಲಗಿದ್ದಳು. ಗಂಟಲ ಗಡ್ಡೆಗೆ ಸುತ್ತಿದ್ದ ಬಟ್ಟೆ ಒದ್ದೆಯಾಗಿತ್ತು. ಬಳ್ಳಾರಿಯ ಡಾಕ್ಟರು ಇನ್ನು ಕೈಯಲ್ಲಿಲ್ಲ, ಮನೆಗೆ ಕರೆದುಕೊಂಡು ಹೋಗಿ ಎಂದ ಮೇಲೆ ಅವಳ ಮಾತು ಹೋಗಿ, ಆಮೇಲೆ ಅನ್ನ ಹೋಗಿ, ಈಗ ಉಳಿದಿದ್ದದ್ದು ಕಣ್ಣು ಮತ್ತು ಬಲಗೈ. ಆ ಕೈಯಿಂದಲೇ ಅವಳು ಅವನನ್ನು ಬೆಳೆಸಿದ್ದು. ಅವನ ಅವ್ವ ಹೆರಿಗೆಯಲ್ಲಿ ಹೋದಾಗ ಹಾಲಹರವಿಯಿಂದ ಅವನನ್ನು ಕಂಬಳಿಯಲ್ಲಿ ಸುತ್ತಿ ತಂದಳಂತೆ. ದಾರಿಯಲ್ಲಿ ಕುರಿಯ ಹಾಲಿನಲ್ಲಿ ಉಣ್ಣೆಯ ಬತ್ತಿ ಅದ್ದಿ ಬಾಯಿಗಿಟ್ಟಳಂತೆ. ಈ ಕಥೆಯನ್ನು ಅವನು ಮದ್ರಾಸಿನಲ್ಲಿ ಯಾರಿಗೂ ಹೇಳಿರಲಿಲ್ಲ. ಅಲ್ಲಿ ಹೇಳಿದ್ದು ಬೇರೆ ಕಥೆ.

ಲಾ ಕಾಲೇಜಿನ ನೋಟೀಸು ಹಲಗೆಯ ಮೇಲೆ ಪ್ರಬಂಧ ಸ್ಪರ್ಧೆಯ ವಿಷಯ ಅಂಟಿಸಿದ ದಿನ ಹುಡುಗರು ನಕ್ಕಿದ್ದರು. ಗುಣವಾಗದ ರೋಗದಿಂದ ನರಳುವವನು ತಾನಾಗಿ ಬೇಡಿಕೊಂಡರೆ ವೈದ್ಯನು ಅವನ ಪ್ರಾಣ ಮುಗಿಸಲು ಕಾನೂನು ಒಪ್ಪಬೇಕೇ? ಹಿಂದಿನ ವರ್ಷ ವಿಲಾಯತಿ ಪಾರ್ಲಿಮೆಂಟಿನ ಪ್ರಭುಗಳ ಸಭೆಯಲ್ಲಿ ಅಂಥದೊಂದು ಮಸೂದೆ ಬಂದು ಬಿದ್ದುಹೋಗಿತ್ತು. ಅದರ ಮೇಲೆ ಪ್ರಬಂಧ ಬರೆಯಬೇಕು, ಆಯ್ಕೆಯಾದವರು ಸಭೆಯಲ್ಲಿ ಓದಬೇಕು. ಪಂಪಣ್ಣ ನಗಲಿಲ್ಲ. ಆದವಾನಿ ಎಲ್ಲಿದೆ ಎಂದು ಕೇಳಿ, ಉತ್ತರಕ್ಕೆ ಕಾಯದೆ ಮುಂದೆ ಹೋಗುವ ಹುಡುಗರ ನಡುವೆ, ಇಂಗ್ಲಿಷಿನಲ್ಲಿ ಬಾಯಿ ಬಿಟ್ಟರೆ ಊರಿನ ನಾಲಗೆ ಗೊತ್ತಾಗಿಬಿಡುತ್ತದೆಂದು ಹಿಂದಿನ ಬೆಂಚಿನಲ್ಲಿ ಕೂರುವವನಿಗೆ, ಬರವಣಿಗೆಯಲ್ಲಿ ನಾಲಗೆ ಕಾಣುವುದಿಲ್ಲ ಎನ್ನುವುದೇ ದೊಡ್ಡ ಧೈರ್ಯವಾಗಿತ್ತು. ಮತ್ತೆ, ಬೇರೆ ಯಾರ ಹತ್ತಿರವೂ ಇಲ್ಲದ ಒಂದು ವಸ್ತು ತನ್ನ ಹತ್ತಿರವಿದೆ ಎಂದು ಅವನಿಗೆ ಹೊಳೆಯಿತು. ದಸರೆಯ ರಜೆಯಲ್ಲಿ ಊರಿಗೆ ಬಂದಾಗ ದೊಡ್ಡವ್ವ ನೀರು ನುಂಗುವುದನ್ನು ನೋಡಿದ್ದ. 'ದತ್ತ ಮಂಡಲದ ಒಬ್ಬ ಕುರಿಗಾಹಿ ಹೆಂಗಸು' ಎಂದು, ಊರಿನ ಬದಲು ಬಳ್ಳಾರಿ ಸೀಮೆಯ ಸರ್ಕಾರಿ ಹೆಸರಿನಿಂದ, ಪ್ರಬಂಧ ಶುರುವಾಯಿತು. ಆ ಹೆಂಗಸು ನೀರಿನ ತಂಬಿಗೆಯನ್ನು ಕೈಯಲ್ಲಿ ಹಿಡಿದು, ಕುಡಿಯಲೋ ಬೇಡವೋ ಎಂದು ಹೊತ್ತು ಕಳೆಯುವುದನ್ನು ಅವನು ಒಂದು ಪುಟ ಬರೆದ. ಓದಿದ ಅಧ್ಯಾಪಕರು ಕನ್ನಡಕ ತೆಗೆದು ಒರೆಸಿಕೊಂಡರು. ಆ ದಿನ ಅವನು ಸಮುದ್ರದ ದಂಡೆಯ ಮೇಲೆ ತುಂಬ ದೂರ ನಡೆದ. ಯಾರೋ ತನ್ನ ಹೆಸರು ಕರೆಯುತ್ತಿದ್ದಾರೆ ಎನ್ನುವ ಹಾಗೆ ಮೈಯೆಲ್ಲ ಹಿತವಾಗಿತ್ತು. ದೊಡ್ಡವ್ವನ ನೋವು ತನಗೆ ಇಷ್ಟು ಹಿತವಾಯಿತಲ್ಲ ಎಂದು ಆಗ ಅನ್ನಿಸಿರಲಿಲ್ಲ. ಅದು ಅನ್ನಿಸಿದ್ದು ಈಗ, ಈ ಮಂಚದ ಪಕ್ಕದಲ್ಲಿ, ಒಂದೊಂದೇ ಚಮಚ ಗಂಜಿ ಹಾಕುವಾಗ.

ಪ್ರಬಂಧದಲ್ಲಿ ಅವನಿಗೆ ಹೆಚ್ಚು ಹೆಮ್ಮೆಯಿದ್ದದ್ದು ಸಾವನ್ನು ಕೇಳುವ ವಿಧಾನದ ಭಾಗ. ರೋಗಿಯೇ ಕೇಳಬೇಕು, ಬುದ್ಧಿ ಸ್ಥಿಮಿತದಲ್ಲಿರುವಾಗ ಕೇಳಬೇಕು, ಒಮ್ಮೆ ಕೇಳಿದರೆ ಸಾಲದು, ಮತ್ತೆ ಕೇಳಬೇಕು. ಅಕ್ಷರ ಬಾರದವರಾದರೆ ಸನ್ನೆಯೂ ಸಾಕು, ಆದರೆ ಆ ಸನ್ನೆಯನ್ನು ಓದುವವನು ಸಂಬಂಧವಿಲ್ಲದವನಾಗಿರಬೇಕು. ರೋಗಿಯ ಸಾವಿನಿಂದ ತುಸುವಾದರೂ ಅನುಕೂಲವಾಗುವ ಯಾರೂ ಆ ಮಾತನ್ನು ಅವರ ಪರವಾಗಿ ಆಡಕೂಡದು. 'ಅನುಕೂಲ' ಎಂದರೆ ಆಸ್ತಿಯೊಂದೇ ಅಲ್ಲ, ಎಂದೂ ಬರೆದಿದ್ದ. ನಿದ್ದೆ, ಪ್ರಯಾಣ, ಬಿಡುವು ಇವೂ ಅನುಕೂಲಗಳೇ. ಪ್ರಯಾಣ ಎಂಬ ಮಾತನ್ನು ಯಾಕೆ ಬರೆದಿದ್ದ? ವಾಕ್ಯದ ಲಯಕ್ಕೆ ಬರೆದಿದ್ದ, ಅಷ್ಟೇ.

"ಇನ್ನ ಮಂಚದ ಮ್ಯಾಲ ಬಿಡಬಾರ್ದು," ಎಂದಿದ್ದ ಮಾರೆಪ್ಪ, ಇಳಿಸಿದ ದಿನ. ದೊಡ್ಡವ್ವನ ಮೈದುನ, ಮನೆತನದ ಹಿರಿಯ. ಹಾಲಹರವಿಯಿಂದ ನಡೆದೇ ಬಂದು ಕಟ್ಟೆಯ ಮೇಲೆ ಕೂತು ತಂಬಾಕು ತಿಕ್ಕುತ್ತಿದ್ದ. ತಂತಿ ಬಂದು ಪಂಪಣ್ಣ ಮದ್ರಾಸಿನಿಂದ ಓಡಿಬಂದು ಆಗಲೇ ಕೆಲವು ದಿನವಾಗಿತ್ತು. ದೊಡ್ಡವ್ವ ಹಿಂದಿನ ದಿನದಿಂದ ಕಣ್ಣು ತೆರೆದಿರಲಿಲ್ಲ. ಉಸಿರು ಗೊರಗೊರ ಎನ್ನುತ್ತಿತ್ತು. ಸಭೆಯಲ್ಲಿ ಪ್ರಬಂಧ ಓದಲು ಅವನನ್ನೂ ಆರಿಸಿದ್ದರು; ಆ ಸಂಜೆಯ ಮದ್ರಾಸ್ ಮೇಲ್ ಗಾಡಿ ತಪ್ಪಿದರೆ ಅವನ ಸರದಿಯೂ ತಪ್ಪಿದಂತೆ. "ಮಂಚದ ಮ್ಯಾಲ ಜೀವ ಹೋದ್ರ ಮಂಚ ಬೆನ್ನಿಗೆ ಕಟ್ಟಿಗ್ಯಂಡು ತಿರುಗತೈತಿ. ಭೂಮಿತಾಯಿ ಮ್ಯಾಲ ಹೋಗ್ಬೇಕು. ಯಾರಾರ ಒಂದು ಮಾತು ಅನ್ರಪ್ಪ."

"ನಾ ಅನ್ನಾಂಗಿಲ್ಲ ಕಾಕ," ಎಂದು ಸುಂಕಪ್ಪ ಮುಖ ತಿರುಗಿಸಿದ. ಅವನು ದೊಡ್ಡವ್ವನ ಮಗ, ಕುರಿಯ ಹಿಂದೆ ಬೆಳೆದವನು. ಕುರಿ ಸತ್ತರೂ ಎರಡು ದಿನ ಉಣ್ಣದವನು.

"ನೀ ಅನ್ನಲೇಬಾರ್ದಲೇ ಮಂಗ್ಯ. ಹೊಟ್ಟೀಲೆ ಹುಟ್ಟಿದಾವ ಇಳಿಸ್ರಿ ಅನ್ನಬಾರ್ದು. ಅದಕ್ಕಂತನ ಪಂಪಣ್ಣ ಅದಾನ. ಸಾಕಿದ ಮಗ ಅನ್ನಬೌದು, ದೋಷ ಇಲ್ಲ. ಓದಿದಾವ ಬ್ಯಾರೆ. ಏನಪಾ ಲಾಯರ? ಒಂದು ಮಾತು."

ಆ ಗಳಿಗೆಯಲ್ಲಿ ಪಂಪಣ್ಣನಿಗೆ ಮೊದಲು ಆದದ್ದು ಸಾವಿನ ದುಃಖವಲ್ಲ. ಬೇರೊಂದು ಸಣ್ಣ ಪೆಟ್ಟು. ಇಷ್ಟು ವರ್ಷ ತಾನೂ ಸುಂಕಪ್ಪನೂ ಒಂದೇ ಎಂದುಕೊಂಡಿದ್ದ. ಒಂದೇ ತಾಟಿನಲ್ಲಿ ಉಂಡು, ಒಂದೇ ಕಂಬಳಿಯಲ್ಲಿ ಮಲಗಿದವರು. ಆದರೆ ಈ ಮಾತಿಗೆ ಬೇಕಾಗಿರುವುದು ಮಗನಲ್ಲದ ಮಗ. ಅದು ತಾನೇ ಎಂದು ಎಲ್ಲರಿಗೂ ಮೊದಲಿನಿಂದಲೂ ಗೊತ್ತಿತ್ತು, ತನಗೊಬ್ಬನಿಗೇ ಗೊತ್ತಿರಲಿಲ್ಲ. ಆ ಪೆಟ್ಟಿನ ಸಿಟ್ಟು ಅವನ ಬಾಯಿಯನ್ನು ಹಗುರ ಮಾಡಿತೇನೋ. ಅಥವಾ ಹಾಗೆಂದು ಈಗ ಅಂದುಕೊಳ್ಳುತ್ತಿದ್ದಾನೆ. ನಿಜವಾಗಿ ಆಗ ಅವನ ಕಣ್ಣು ಗೋಡೆಯ ಮೇಲಿನ ಬಿಸಿಲನ್ನು ನೋಡಿತ್ತು. ಬಿಸಿಲು ಗೂಟದವರೆಗೆ ಬಂದರೆ ಸ್ಟೇಷನ್ನಿಗೆ ಹೊರಡುವ ಹೊತ್ತು. ಇಳಿಸಿದರೆ ಬೇಗ ಮುಗಿಯುತ್ತದೆ, ಮುಗಿದದ್ದನ್ನು ನೋಡಿಯೇ ಹೋಗಬಹುದು ಎಂದು ಮನಸ್ಸಿನ ಒಂದು ಮೂಲೆ ಲೆಕ್ಕ ಹಾಕಿಯೂ ಆಗಿತ್ತು. "ಇಳಿಸ್ರಿ," ಎಂದ. ಬಾಯಿಂದ ಬಂದ ಮೇಲೆ ಅದೆಷ್ಟು ಚಿಕ್ಕ ಮಾತು ಅನ್ನಿಸಿತು. ಕೂಲಿಯವನಿಗೆ ಹತ್ತಿಯ ಮೂಟೆ ಇಳಿಸು ಎನ್ನುವುದಕ್ಕಿಂತ ಹೆಚ್ಚಿನದೇನೂ ಅದರಲ್ಲಿರಲಿಲ್ಲ.

ಕಂಬಳಿಯ ನಾಲ್ಕು ಮೂಲೆ ಹಿಡಿದು ಎತ್ತಿ ಇಳಿಸುವಾಗ ದೊಡ್ಡವ್ವ ಕಣ್ಣು ತೆರೆದಳು. ಮೊದಲು ತೊಲೆಗಳನ್ನು ನೋಡಿದಳು. ಅವು ತನ್ನಿಂದ ಮೇಲೆ ಮೇಲೆ ಹೋಗುತ್ತಿರುವುದನ್ನು ಕಂಡಳು. ಆಮೇಲೆ ಸುತ್ತಲಿನ ಮುಖಗಳನ್ನು ಒಂದೊಂದಾಗಿ ನೋಡಿ, ಸುಂಕಪ್ಪನನ್ನು ದಾಟಿ, ಪಂಪಣ್ಣನ ಮೇಲೆ ನಿಂತಳು. ಅವಳಿಗೂ ಪದ್ಧತಿ ಗೊತ್ತು. ಎಷ್ಟು ಮನೆಗಳಲ್ಲಿ ಎಷ್ಟು ಜನರನ್ನು ಇಳಿಸುವಾಗ ಅವಳೇ ತಲೆಯ ಕಡೆ ಹಿಡಿದಿದ್ದಳೋ. ಮಾತು ಆಡಿದವರು ಯಾರೆಂದು ಅವಳಿಗೆ ಯಾರೂ ಹೇಳಬೇಕಾಗಿರಲಿಲ್ಲ. 'ಕಣ್ಣು ತೆರೆದದ್ದು ದೇಹದ ಕೆಲಸ, ಪ್ರಜ್ಞೆಯದ್ದಲ್ಲ' ಎಂದು ಪಂಪಣ್ಣ ಇಂಗ್ಲಿಷಿನಲ್ಲಿ ಮನಸ್ಸಿನೊಳಗೆ ಹೇಳಿಕೊಂಡ. ಆ ಭಾಷೆಯಲ್ಲಿ ಅದು ನಿಜವೆಂದೇ ಕೇಳಿಸಿತು. ಮಂಚವನ್ನು ಹೊರಗೆ ಒಯ್ದು, ಕಾಲುಗಳು ಓಣಿಯ ಕಡೆ ಬರುವಂತೆ ಗೋಡೆಗೆ ನಿಲ್ಲಿಸಿದರು. ದಾರಿಯವರು ಅದನ್ನು ನೋಡಿ ತಿಳಿದುಕೊಳ್ಳಬೇಕು. ಉಳಿದ ಗಂಜಿಯನ್ನು ನಾಯಿಗೆ ಸುರಿದರು. ನೆಲಕ್ಕೆ ಇಳಿದವರಿಗೆ ಅನ್ನವಿಲ್ಲ, ತುಟಿ ಒಣಗದ ಹಾಗೆ ಉಣ್ಣೆಯ ಬತ್ತಿಯಿಂದ ನೀರು, ಅಷ್ಟೇ. ಬಿಸಿಲು ಗೂಟದ ಹತ್ತಿರ ಬಂತು. ದೊಡ್ಡವ್ವನ ಉಸಿರು ಹಾಗೆಯೇ ಇತ್ತು. "ನೀ ಹೋಗೋ, ನಿನ್ನ ಪರೀಕ್ಷಿ ಕೆಡ್ತೈತಿ," ಎಂದ ಸುಂಕಪ್ಪ. ಪರೀಕ್ಷೆಯಲ್ಲ, ಒಂದು ಬಹುಮಾನದ ಓದು ಎಂದು ಪಂಪಣ್ಣ ತಿದ್ದಲಿಲ್ಲ. ಅವಳ ಪಾದ ಮುಟ್ಟಿ ಹೊರಟ. ಪಾದ ಬೆಚ್ಚಗಿತ್ತು. ಗುಂತಕಲ್ಲು ದಾಟುವ ಹೊತ್ತಿಗೆ ಅವಳು ಹೋಗಿರುತ್ತಾಳೆ ಎಂದುಕೊಂಡು, ಗುಂತಕಲ್ಲಿನಲ್ಲಿ ಪ್ಲಾಟ್‌ಫಾರಮ್ಮಿನ ನಲ್ಲಿಯ ಕೆಳಗೆ ತಲೆಯೊಡ್ಡಿ ಸ್ನಾನ ಮಾಡಿದ. ಬದುಕಿದ್ದವಳ ಹೆಸರಿನಲ್ಲಿ ಮೈಲಿಗೆಯ ಸ್ನಾನ.

ಸಭೆಯಲ್ಲಿ ಅವನು ಚೆನ್ನಾಗಿಯೇ ಓದಿದ. ನಾಲಗೆ ಎಡವಿದ್ದು ಕಡಿಮೆ. ಕುರಿಗಾಹಿ ಹೆಂಗಸಿನ ಪುಟಕ್ಕೆ ಬಂದಾಗ ಸಭೆ ನಿಶ್ಶಬ್ದವಾಯಿತು. ಆ ನಿಶ್ಶಬ್ದವನ್ನು ಅವನು ಒಂದು ಉಸಿರಿನಷ್ಟು ಹೊತ್ತು ಬೇಕೆಂದೇ ಉಳಿಸಿಕೊಂಡ. ಕೊನೆಗೆ ಅಧ್ಯಕ್ಷತೆ ವಹಿಸಿದ್ದ ನಿವೃತ್ತ ನ್ಯಾಯಾಧೀಶರು ಮೀಸೆಯಲ್ಲೇ ನಗುತ್ತ ಕೇಳಿದರು: "ನಿಮ್ಮ ಕಡೆಯ ಜನರಿಗೆ ಇಂಥ ಕಾನೂನು ಬೇಕೇ? ಅವರು ತಮ್ಮಷ್ಟಕ್ಕೆ ತಾವೇ ಇದನ್ನು ಸುಸೂತ್ರವಾಗಿ ನಡೆಸಿಕೊಂಡು ಹೋಗುತ್ತಿದ್ದಾರೆಂದು ನಾನು ಕೇಳಿದ್ದೇನೆ!" ಎಲ್ಲರೂ ನಕ್ಕರು. ಪಂಪಣ್ಣನೂ ನಕ್ಕ. ನಗದೆ ನಿಂತಿದ್ದರೆ ಏನಾಗುತ್ತಿತ್ತು? ಏನೂ ಆಗುತ್ತಿರಲಿಲ್ಲ. ನಕ್ಕದ್ದು ಮಾತ್ರ ಇವತ್ತಿಗೂ ಮುಖದ ಮೇಲೆ ಒಣಗಿದ ಸುಣ್ಣದ ಹಾಗೆ ಬಿಗಿದುಕೊಂಡೇ ಇದೆ. ಅವನಿಗೆ ಎರಡನೆಯ ಬಹುಮಾನ ಬಂತು.

ತಿರುಗಿ ಬಂದ ದಿನ ಸ್ಟೇಷನ್ನಿನ ಹೊರಗೆ ಜಟಕಾ ಹೊಡೆಯುವ ಬಜಾರಪ್ಪ ಅವನ ಪೆಟ್ಟಿಗೆ ಎತ್ತಿಕೊಂಡ. ಮಣ್ಣು ಮುಗಿದಿರಬೇಕು ಎಂದು ಮುಖ ಸಪ್ಪಗೆ ಮಾಡಿಕೊಂಡು ಪಂಪಣ್ಣ, "ಯಾವತ್ತು ಆತು?" ಎಂದು ಕೇಳಿದ.

"ಯಾವತ್ತು ಏನಾತು?"

"ಅದ... ದೊಡ್ಡವ್ವಂದು."

"ಅಯ್ಯ, ಆಕಿ ಗಟ್ಟಿ ಅದಾಳ್ರೀ! ನೆಲದ ಮ್ಯಾಲ ಮಕ್ಕಂಡು ಬಂದವರನ್ನೆಲ್ಲ ಪಿಳಿಪಿಳಿ ನೋಡಾಕತ್ಯಾಳಂತ. ಜೀವ ನಿಮ್ಮ ಮ್ಯಾಲ ಐತಿ, ಅದಕ್ಕ ಹೋಗವಲ್ದು ಅಂತಾರ ಓಣ್ಯಾಗ. ಜಲ್ದಿ ಹತ್ರಿ, ಪಾಪ, ಬಿಡುಗಡಿ ಮಾಡ್ರಿ." ಬಜಾರಪ್ಪ ಕುದುರೆಗೆ ಚಾಟಿ ತೋರಿಸಿದ. ಪಂಪಣ್ಣನಿಗೆ ಆದದ್ದು ಸಂತೋಷವಲ್ಲ. ಮುಚ್ಚಿ ಬಂದ ಬಾಗಿಲು ತಾನಾಗಿ ತೆರೆದುಕೊಂಡು, ಒಳಗಿನಿಂದ ಯಾರೋ ತನ್ನನ್ನು ನೋಡುತ್ತಿರುವ ಹಾಗೆ ಅನ್ನಿಸಿತು. ಕೋಟೆಯ ಗುಡ್ಡದ ಮೇಲೆ ಬಿಸಿಲು ಬಿಳಿಚಿಕೊಂಡಿತ್ತು. ದಾರಿಯುದ್ದಕ್ಕೂ ಹತ್ತಿಯ ಎಳೆ ಹಾರಿ ಬಂದು ಅವನ ಕೋಟಿಗೆ ಅಂಟುತ್ತಿತ್ತು, ಅವನು ಒಂದೊಂದೇ ಕಿತ್ತು ಗಾಳಿಗೆ ಬಿಡುತ್ತ ಕೂತ.

ಗೋಡೆಗೆ ನಿಲ್ಲಿಸಿದ ಮಂಚದ ಕಾಲಿನ ಮೇಲೆ ಕೋಳಿಯೊಂದು ಏರಿ ಕೂತಿತ್ತು. ಒಳಗೆ ಗಾದಿಲಿಂಗಮ್ಮ ಅವನನ್ನು ನೋಡಿದ್ದೇ ಸೆರಗು ಬಾಯಿಗೆ ಒತ್ತಿಕೊಂಡಳು. "ಕೈ ಬಾಯಿಗಿ ಒಯ್ತಾಳ ಪಂಪಣ್ಣ. ಗಂಜಿ ಕೇಳ್ತಾಳ. ಕೊಡಬ್ಯಾಡ ಅಂತಾರ ಇವ್ರು. ನಾ ಹೆಂಗ ನೋಡ್ಲಿ?" ದೊಡ್ಡವ್ವನ ತುಟಿ ಬಿರಿದಿತ್ತು. ಕಂಬಳಿಯ ಅಂಚಿನಿಂದಾಚೆ ಒಂದು ಕೈ ನೆಲದ ಮೇಲಿತ್ತು. ಪಂಪಣ್ಣ ಕೋಟು ಕೂಡ ಬಿಚ್ಚದೆ ಅವಳ ಪಕ್ಕ ಕೂತ. ಆಗ, ಪ್ರಬಂಧದ ಪುಟಗಳಲ್ಲೆಲ್ಲ ಬರೆದು ಮುಗಿಸಿ ಬಂದಿದ್ದ ಪ್ರಶ್ನೆಯನ್ನು ಮೊದಲ ಸಲ ಅವಳಿಗೆ ಕೇಳಿದ. "ದೊಡ್ಡವ್ವ. ಏನು ಬೇಕು ನಿನಗ?" ಅವಳು ಹೊತ್ತು ತೆಗೆದುಕೊಂಡಳು. ಬೆರಳು ಮೇಲೆದ್ದು ಬಾಗಿಲ ಕಡೆ ತಿರುಗಿತು. ಬಾಗಿಲಲ್ಲಿ ಕಾಣುತ್ತಿದ್ದದ್ದು ಮಂಚದ ಕಾಲು.

ಅವನು ಹೊರಗೆ ಹೋಗಿ ಕೋಳಿ ಓಡಿಸಿ ಮಂಚ ಹೊತ್ತು ತಂದ. ಮಾರೆಪ್ಪ ಕೋಲು ಅಡ್ಡ ಹಿಡಿದ. "ಏನಲೇ, ತಲಿ ಕೆಟ್ಟೈತೇನು? ಮಾತು ನಿಂದು. ಇಳಿಸಿದ್ದನ್ನ ಎತ್ತಿದ್ರ ಆ ಸಾವು ಬರಿಗೈಲೆ ಹೋಗಾಂಗಿಲ್ಲ, ಮನ್ಯಾಗ ಇನ್ನೊಬ್ಬರನ್ನ ಹುಡುಕ್ತೈತಿ. ಸುಂಕಪ್ಪನ ಕೂಸುಗಳು ಅದಾವ!"

"ಆಕಿ ಕೇಳಾಕತ್ಯಾಳ ಕಾಕ."

"ಆಕೀನ ಯಾರು ಕೇಳಂದ್ರು?"

ಪಂಪಣ್ಣ ಒಬ್ಬನೇ ಅವಳನ್ನು ಎತ್ತಿದ. ಅಷ್ಟು ಹಗುರವಾಗಿದ್ದಳೆಂದರೆ ಬಲ ಹೆಚ್ಚಾಗಿ ಹಿಂದಕ್ಕೆ ವಾಲಿದ. ಗಡ್ಡೆಯ ವಾಸನೆ ಮೂಗಿಗೆ ಬಡಿಯಿತು. ಮುಖ ತಿರುಗಿಸಬಾರದೆಂದು ಹಲ್ಲು ಕಚ್ಚಿದ. ಮಂಚದ ಮೇಲೆ ಮಲಗಿಸಿದಾಗ ಅವನ ಎದೆ ಉಬ್ಬಿ ಬಂತು. ಕುರುಡು ನಂಬಿಕೆಯ ಕೈಯಿಂದ ಒಂದು ಜೀವವನ್ನು ಬಿಡಿಸಿಕೊಂಡೆ, ಕೇಳಿದವಳ ಮಾತು ನಡೆಸಿದೆ, ನನ್ನ ತಪ್ಪನ್ನು ನಾನೇ ಅಳಿಸಿದೆ ಎಂದು. ಆ ಉಬ್ಬುವಿಕೆಯನ್ನು ನೆನೆದರೆ ಈಗ ಅವನಿಗೆ, 'ಇಳಿಸ್ರಿ' ಎಂದ ಮಾತಿಗಿಂತಲೂ ಹೆಚ್ಚು ನಾಚಿಕೆ. ಮಾರೆಪ್ಪ ಕೆಮ್ಮಿ ಉಗುಳಿ ಎದ್ದುಹೋದ. ಸುಂಕಪ್ಪ ಮರುದಿನ ಮಕ್ಕಳನ್ನು ಕರೆದುಕೊಂಡು ಕುರಿ ಹೊಡೆದುಕೊಂಡು ಹಾಲಹರವಿಯ ಕಡೆ ಹೋದವನು ಇನ್ನೂ ಬಂದಿಲ್ಲ. ಹೋಗುವಾಗ ಅವ್ವನ ಮಂಚದ ಹತ್ತಿರ ಬಂದು, ಅವಳನ್ನು ಮುಟ್ಟಲು ಕೈ ಚಾಚಿ, ಹಿಂದೆ ತೆಗೆದುಕೊಂಡ. ಅದನ್ನು ದೊಡ್ಡವ್ವ ನೋಡಿದಳು. ಪಂಪಣ್ಣನೂ ನೋಡಿದ.

ಗಂಜಿ ಒಳಗೆ ಹೋದ ಮೇಲೆ ಜೀವ ಬಂತು. ಆದರೆ ಬಂದ ಜೀವವನ್ನೆಲ್ಲ ನೋವೇ ತಿಂದಿತು. ಗಡ್ಡೆ ಒಡೆಯಿತು. ಬಿಸಿಲು ಏರಿದಂತೆ ಅವಳ ಗಂಟಲಿನಿಂದ ಒಂದು ಸದ್ದು ಶುರುವಾಗುತ್ತಿತ್ತು, ನೆನೆದ ಹಗ್ಗವನ್ನು ಬಾವಿಯ ಗಾಲಿಯ ಮೇಲೆ ಎಳೆದ ಹಾಗೆ. ಅದನ್ನು ಬಣ್ಣಿಸಲು ತನ್ನ ಪ್ರಬಂಧದಲ್ಲಿ ಎಷ್ಟು ವಿಶೇಷಣಗಳಿದ್ದವು! ಅವುಗಳಲ್ಲಿ ಒಂದೂ ಈ ಸದ್ದಿಗೆ ಹತ್ತಿರವಿರಲಿಲ್ಲ. ಕಾಲೇಜಿನ ಹಾಜರಿ ತಪ್ಪಿತು. ಈ ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ. ಅದನ್ನು ಅವನು ಗಾದಿಲಿಂಗಮ್ಮನಿಗೆ ಹೇಳಿರಲಿಲ್ಲ. ಹೇಳಿದರೆ, ದೊಡ್ಡವ್ವನ ಕಿವಿಗೆ ಬಿದ್ದರೆ, ಎಂದು ಹೆದರಿದ್ದ. ಅವಳು ನೆಲದ ಮೇಲೆ ಇದ್ದಿದ್ದರೆ ಇಷ್ಟು ದಿನ ಇರುತ್ತಿರಲಿಲ್ಲ. ಎತ್ತಿದ್ದು ಅವಳಿಗಾಗಿಯೋ, ಗುಂತಕಲ್ಲಿನ ಆ ಸ್ನಾನವನ್ನು ಮೈಯಿಂದ ತೊಳೆದುಕೊಳ್ಳುವುದಕ್ಕೋ?

ಗಂಜಿ ಅರ್ಧ ಆಗುವಷ್ಟರಲ್ಲಿ ದೊಡ್ಡವ್ವ ಬಾಯಿ ಮುಚ್ಚಿದಳು. ಅವನು ತುಟಿ ಒರೆಸಿ, ಬಟ್ಟಲು ತೊಳೆದು ಬಂದಾಗ ಅವಳ ಕೈ ಮಂಚದ ಅಂಚಿನಿಂದ ಕೆಳಗೆ ಜೋತುಬಿದ್ದು ನೆಲವನ್ನು ಮುಟ್ಟುತ್ತಿತ್ತು. ಜಾರಿರಬೇಕು ಎಂದು ಎತ್ತಿ ಎದೆಯ ಮೇಲಿಟ್ಟ. ತುಸು ಹೊತ್ತಿಗೆ ಅದು ಮತ್ತೆ ಕೆಳಗಿಳಿಯಿತು. ಬೆರಳುಗಳು ನೆಲವನ್ನು ಮೆಲ್ಲಗೆ ತಟ್ಟಿದವು. ಅವನು ಇರುವೆ ಇರಬಹುದೆಂದು ಬಗ್ಗಿ ನೋಡಿದ. ಸಗಣಿ ಸಾರಿಸಿದ ನೆಲದಲ್ಲಿ ಏನೂ ಇರಲಿಲ್ಲ. ಅವನು ಚಿಕ್ಕವನಿದ್ದಾಗ, ಓದಿ ಬೇಸತ್ತು ಬಂದರೆ, ಉಣ್ಣೆ ನೂಲುತ್ತ ಕೂತ ಅವಳು ತನ್ನ ಪಕ್ಕದ ನೆಲವನ್ನು ಹೀಗೆಯೇ ತಟ್ಟುತ್ತಿದ್ದಳು, ಬಾ, ಕುಂದ್ರು ಎಂದು. ಅದೇ ಇರಬೇಕು ಎನ್ನಿಸಿ ಮಂಚದ ಪಕ್ಕ ನೆಲದ ಮೇಲೆ ಕೂತ. ದೊಡ್ಡವ್ವ ತಲೆಯಾಡಿಸಿದಳು, ಅಲ್ಲ ಎನ್ನುವಂತೆ. ಕೈಯನ್ನು ಕಷ್ಟಪಟ್ಟು ಎತ್ತಿ ತನ್ನ ಎದೆಯನ್ನು ಮುಟ್ಟಿಕೊಂಡಳು. ಮತ್ತೆ ಕೈ ಇಳಿಸಿ, ಅವನು ಕೂತ ಜಾಗದ ಪಕ್ಕದಲ್ಲಿ ನೆಲವನ್ನು ತಟ್ಟಿದಳು. ಕಣ್ಣು ಅವನ ಮೇಲಿತ್ತು. ಅದರಲ್ಲಿ ಜ್ವರವಾಗಲಿ ಮಂಕಾಗಲಿ ಇರಲಿಲ್ಲ.

ಮನೆಯಲ್ಲಿ ಯಾರೂ ಇಲ್ಲ. ಅವಳ ಕಿವಿಯಲ್ಲಿ ಯಾರೂ ಏನೂ ಊದಿಲ್ಲ. ಒಮ್ಮೆ ಕೇಳಿದಳು, ಮತ್ತೆ ಕೇಳಿದಳು. ಸಂಬಂಧವಿಲ್ಲದ ಯಾವ ಅಧಿಕಾರಿ ಬಂದು ಕೂತರೂ ಈ ಸನ್ನೆಯನ್ನು ಬೇರೆ ರೀತಿ ಓದಲು ಸಾಧ್ಯವಿರಲಿಲ್ಲ. ಅವನು ಮಾಡಬೇಕಾದದ್ದೂ ಹೆಚ್ಚೇನಲ್ಲ. ಕಂಬಳಿ ಹಾಸಿ, ಆ ಹಗುರಾದ ಮೈಯನ್ನು ಇಳಿಸಿ, ನಾಳೆಯಿಂದ ಗಂಜಿ ಹಿಂಡದಿದ್ದರೆ ಸಾಕು. ಇವತ್ತು ಹಿಡಿಯಬೇಕಾದ ಗಾಡಿಯಿಲ್ಲ, ಓದಬೇಕಾದ ಸಭೆಯಿಲ್ಲ. ಅವಳಿಗಾಗಿ ಮಾತ್ರ ಆ ಮಾತನ್ನು ಆಡಬಹುದಾದ ದಿನ ಇದೊಂದೇ. ಪಂಪಣ್ಣ ಬಾಯಿ ತೆರೆದ. ಆಗ ಅವನಿಗೆ ತನ್ನೊಳಗೆ ಒಂದು ಕಡೆ ಎಷ್ಟು ಆಸೆಯಿಂದ ಆ ಮಾತು ಕಾಯುತ್ತಿದೆ ಎಂದು ಕಂಡಿತು. ನಿದ್ದೆ ಮಾಡಬಹುದು. ಸುಂಕಪ್ಪ ತಿರುಗಿ ಬರುತ್ತಾನೆ. ಓಣಿಯ ಹೆಂಗಸರು ಬಾಗಿಲ ಮುಂದೆ ನಗುತ್ತ ಹೋಗುತ್ತಾರೆ. ಈ ಸದ್ದು ನಿಲ್ಲುತ್ತದೆ. ಇಷ್ಟು ಅನುಕೂಲವಿರುವವನು ಆಡಕೂಡದು ಎಂದು ಬರೆದವನು ತಾನೇ ಅಲ್ಲವೇ ಎಂದು ನೆನಪು ಮಾಡಿಕೊಂಡ. ನೆನಪು ಮಾಡಿಕೊಳ್ಳುತ್ತಿರುವಾಗಲೇ ಅದೂ ಒಂದು ನೆಪವೆಂದು ಅವನಿಗೆ ಗೊತ್ತಿತ್ತು. ಕೇಳದಿದ್ದಾಗ ಆಡಿದ ನಾಲಗೆ, ಕೇಳಿದಾಗ ಅಂಗುಳಿಗೆ ಅಂಟಿಕೊಂಡು ಕೂತಿತು.

ದೊಡ್ಡವ್ವ ಕಾದಳು. ಕುರಿ ಈಯುವಾಗ ಪಕ್ಕದಲ್ಲಿ ಕೂತು ಕಾಯುತ್ತಿದ್ದಳಲ್ಲ, ಅಷ್ಟೇ ಆತುರವಿಲ್ಲದೆ. ಮತ್ತೊಮ್ಮೆ ಅವಳ ಬೆರಳು ನೆಲಕ್ಕೆ ಇಳಿಯಿತು.

"ನೀರು ಬೇಕೇನವ್ವ?" ಎಂದ ಪಂಪಣ್ಣ. ಕಿವುಡರ ಹತ್ತಿರ ಮಾತಾಡುವ ಹಾಗೆ ಗಟ್ಟಿಯಾಗಿ ಕೇಳಿದ. ತನ್ನ ದನಿ ತನಗೇ ಅಪರಿಚಿತವಾಗಿತ್ತು. "ನೀರಡಿಕಿ ಆಗೈತೇನು? ತಡಿ, ತರ್ತೀನಿ."

ಅವಳು ಅವನನ್ನು ನೋಡಿದಳು. ಚಿಕ್ಕಂದಿನಲ್ಲಿ ಬೆಲ್ಲ ಕದ್ದು ತಿಂದು ಇಲ್ಲ ಎಂದಾಗ ನೋಡುತ್ತಿದ್ದ ನೋಟ ಅದಲ್ಲ. ಅದರಲ್ಲಿ ಬೈಗುಳವಿರುತ್ತಿತ್ತು, ಅದರ ಹಿಂದೆ ನಗುವಿರುತ್ತಿತ್ತು. ಇದರಲ್ಲಿ ಎರಡೂ ಇರಲಿಲ್ಲ. ತುಂಬ ದೂರದ ದಾರಿಯಲ್ಲಿ ಜೊತೆಗೆ ಬಂದವನ ಕಾಲು ಸೋತದ್ದನ್ನು ಕಂಡು, ಇವನನ್ನು ಇನ್ನು ನಡೆಸಬಾರದು ಎಂದುಕೊಂಡವರು ನೋಡುವ ಹಾಗೆ ನೋಡಿದಳು. ಆಮೇಲೆ ನೆಲದ ಮೇಲಿದ್ದ ಕೈಯನ್ನು ತಾನೇ ಎತ್ತಿಕೊಂಡು ಎದೆಯ ಮೇಲೆ ಇಟ್ಟುಕೊಂಡಳು.

ಅವನು ತಂಬಿಗೆ ತಂದ. ಅವಳು ಬಾಯಿ ತೆರೆದಳು. ಚಮಚದ ನೀರು ಗಂಟಲಿಗೆ ಇಳಿದಾಗ ಕತ್ತಿನ ನರಗಳೆಲ್ಲ ಬಿಗಿದವು, ಕಾಲ್ಬೆರಳು ಮಡಚಿಕೊಂಡವು, ಕಣ್ಣಿನ ತುದಿಯಿಂದ ನೀರು ಕಿವಿಯವರೆಗೆ ಹರಿಯಿತು. ನುಂಗಿದಳು.

"ಇನ್ನೊಂಚೂರು ಕೊಡ್ಲೇನು?" ಎಂದು ಕೇಳಿದ ಅವನು.

ಅವಳು ಮತ್ತೆ ಬಾಯಿ ತೆರೆದಳು.